ಒಕ್ಕಣೆಯ ಕಣಕ್ಕೆ ಬಟ್ಟೆಯ ಚಾವಣಿ

ದಾವಣಗೆರೆಯು ಹತ್ತಿಯ ಗಿರಣಿಗಳಿಂದಲೂ, ಹರಿಹರವು ತುಂಗಭದ್ರೆಯ ಆಚೆದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ನಾರಿನಿಂದಲೂ ಪ್ರಸಿದ್ಧಿಗೆ ಬಂದ ಊರುಗಳು. ಗಿರಣಿಗಳಲ್ಲಿ ಬಹುಪಾಲು ಈಗ ಮುಚ್ಚಿವೆ. ಹತ್ತಿಯ ಹೊಲಗಳಲ್ಲಿ ಅನೇಕವು ಮೆಕ್ಕೆಜೋಳಕ್ಕೆ ತಿರುಗಿವೆ. ಈ ಬೆಳೆಯ ಕೊಯ್ಲಿನ ಕಾಲಕ್ಕೇ ಹಿಂಗಾರು ಮಳೆಯೂ ಬೀಳುವುದರಿಂದ, ಬಟ್ಟೆಯ ವಿಚಾರವು ರೈತನಿಗೆ ಮತ್ತೊಂದು ದಾರಿಯಿಂದ ಒದಗಿಬಂದಿದೆ.

ಹತ್ತಿಯೂ ವಿಸ್ಕೋಸೂ ಸೆಲ್ಯುಲೋಸ್ ಎಂಬ ಒಂದೇ ದ್ರವ್ಯದಿಂದಾದವು. ಆದರೂ ನೆನೆದಾಗ ಇವುಗಳ ಗುಣವು ಪರಸ್ಪರ ವಿರುದ್ಧವಾದುದು. ಹತ್ತಿಯ ನೂಲು ನೆನೆದರೆ ಮೊದಲಿಗಿಂತ ಬಲವಾಗುವುದು. ವಿಸ್ಕೋಸಾದರೋ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುವುದು. ಒತ್ತಾಗಿ ನೆಯ್ದ ಹತ್ತಿಯ ಕ್ಯಾನ್ವಾಸಿನಲ್ಲಿ ನೂಲು ಉಬ್ಬಿ ರಂಧ್ರಗಳು ಮುಚ್ಚುವುದರಿಂದ ಅದು ಚಾವಣಿಗೆ ಯೋಗ್ಯವಾದುದು. ಒದ್ದೆಯಾಗಿಯೇ ಮಡಿಸಿಟ್ಟರೆ ಮಾತ್ರ ಬೂಷ್ಟು ಹಿಡಿಯುವುದು. ಈಗ ಪೇಟೆಯಲ್ಲಿ ದೊರೆಯುವ ತಾಡಪಾಲು ಬಹುಮಟ್ಟಿಗೆ ಪಾಲಿಥೀನಿನ ಪಟ್ಟಿಗಳನ್ನು ನೆಯ್ದು ಲೇಪ ಕೊಟ್ಟದ್ದು. ಅದರೊಳಕ್ಕೆ ನೀರು ಬಾರದು; ಅಂತೆಯೇ ಆವಿಯು ಹೊರಕ್ಕೂ ಹೋಗದು. ಹಸಿಯ ರಾಶಿಯ ಮೇಲೆ ಅದನ್ನು ಹಾಗೆಯೇ ಹೊದಿಸಿ ದಿನಗಟ್ಟಲೆ ಬಿಟ್ಟರೆ ಕಾಳು ಬೆವತು ಬೂಷ್ಟು ಬೆಳೆಯುವುದು. ಆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷವು ದನಕ್ಕೂ ಕೋಳಿಗೂ ಮನುಷ್ಯನಿಗೂ ಹಾನಿಕರ. ಕಾಳಿನ ತೇವಾಂಶವು ನೂರಕ್ಕೆ 14ಕ್ಕಿಂತ ಕೆಳಗಿಳಿಯುವವರೆಗೆ ರಾಶಿಗೂ ಚಾವಣಿಗೂ ನಡುವೆ ಗಾಳಿಯಾಡತಕ್ಕದ್ದು.

ಚಾವಣಿಯು ಹರಿಯುವುದಕ್ಕೆ ಬಟ್ಟೆಯು ತೆಳುವಾದುದೇ ಕಾರಣವೆಂದು ಅನೇಕರು ತಿಳಿದು, ದಪ್ಪನೆಯದನ್ನು ಕೊಂಡು ಮತ್ತೆ ಹಾಗೆಯೇ ಕಟ್ಟುತ್ತಾರೆ. ದೋಷವಿರುವುದು ಕಟ್ಟುವ ರೀತಿಯಲ್ಲಿ. ಬಟ್ಟೆಯು ಎಳೆತವನ್ನಲ್ಲದೆ ಬೇರಾವ ಭಾರವನ್ನೂ ತಾಳದು. ನಾಲ್ಕು ಕಂಬಗಳೂ ಸಮನಾದ ಎತ್ತರವಿದ್ದರೆ ನಡುವೆ ಗುಳಿ ಬೀಳುವುದು. 10 ಅಡಿ ಉದ್ದಗಲದ ಗುಳಿಯಲ್ಲಿ ಸರಾಸರಿ 3 ಅಂಗುಲ ನೀರು ನಿಂತರೆ ಅದರ ತೂಕ ಏಳು ಕ್ವಿಂಟಾಲು! ಯಾವ ತಾಡಪಾಲು ಅದನ್ನು ಹೊತ್ತೀತು?

ಆದುದರಿಂದ ಎದುರುಬದುರಿನ ಎರಡು ಮೂಲೆಗಳನ್ನು ಎತ್ತರಿಸಿ, ಮಿಕ್ಕೆರಡನ್ನು ತಗ್ಗಿಸಿ, ಕುದುರೆಯ ಜೀನಿನ ಆಕಾರ ಬರುವಂತೆ ಬಿಗಿಯಬೇಕು. ನೀರು ತಗ್ಗಿನ ಮೂಲೆಗಳಿಂದ ಹರಿದುಹೋಗುವುದು. ಗಾಳಿ ಎತ್ತಿದರೂ ಮಳೆ ಅದುಮಿದರೂ ಬಟ್ಟೆಯ ಒಂದು ದಿಕ್ಕಿನ ಎಳೆಗಳು ಅದನ್ನು ತಡೆಯುವುವು. ಜರ್ಮನಿಯ ಕಾಸೆಲ್ ನಗರದ ಉದ್ಯಾನ ಪ್ರದರ್ಶನದಲ್ಲಿ 1955ರಲ್ಲಿ ಫ್ರೈ ಒಟ್ಟೋ ಎಂಬ ಶಿಲ್ಪಿಯು ಹತ್ತಿಯ ಕ್ಯಾನ್ವಾಸಿನಿಂದ ಕಟ್ಟಿದ ವಾದ್ಯಮಂಟಪದ ಆಕಾರವೂ ಇದೇ. ಕಂಬಗಳನ್ನು ತುಸು ಹೊರಕ್ಕೆ ಬಾಗಿಸಿ ಗೂಟಗಳಿಗೆ ಹಗ್ಗದಿಂದ ಬಿಗಿಯತಕ್ಕದ್ದು. ಬಟ್ಟೆಯ ಅಂಚಿನಲ್ಲಿ ಹಗ್ಗವಿಟ್ಟು ಹೊಲಿಸಿ, ಮೂಲೆಗಳಿಗೆ ಎರಡು ಮೂರು ಪದರ ಕೊಡಿಸಬೇಕು. ರಸ್ತೆಯ ಅಂಚಿನಲ್ಲಿ ಕಾಳು ಹರಡುವ ಸಣ್ಣ ಹಿಡುವಳಿದಾರರಿಗೆ ಇಂಥ ಚಾವಣಿಯೊಂದು ಊರೊಟ್ಟಿನ ಕಣದಲ್ಲಿ ದೊರೆಯುವಂತೆ ಮಾಡುವುದು ಗ್ರಾಮದ ಮುಖ್ಯಸ್ಥರಿಂದ ಆಗದ ಕೆಲಸವಲ್ಲ.

ವಿಸ್ಕೋಸಿಗೆ ಮನೆಯೊಳಗೆ ಸ್ಥಾನವುಂಟು. ತಗಡಿನ ಮಾಡಿನ ಕೆಳಗೆ ಒಂದು ಗೇಣು ಬಿಟ್ಟು ಬಟ್ಟೆಯನ್ನು ಬಿಗಿದು, ಎರಡು ತುದಿಗಳಲ್ಲಿ ಕಾದ ಗಾಳಿ ಹೋಗಲು ಕಿಂಡಿಯಿಟ್ಟರೆ ಸೆಕೆ ತಗ್ಗುವುದು. ಒಲೆಯ ಸಮೀಪದಲ್ಲಿ ಮಾತ್ರ ಇದು ಸಲ್ಲದು. ಕೊಟ್ಟಿಗೆಗೆ ಬೇಸಗೆಯಲ್ಲಿ ಗಾಳಿ ಬರುವ ಕಡೆ ಗೋಣಿಯ ಪರದೆಯನ್ನು ನೆನೆಸಿ ಕಟ್ಟಬಹುದು. ನೀರು ಆರುವಾಗ ಗಾಳಿಯ ಕಾವನ್ನು ಹೀರುವುದು. ಮಳೆಗಾಲದ ತೇವದ ಗಾಳಿಯಲ್ಲಿ ಇದು ನಿಷ್ಪ್ರಯೋಜಕವಾದುದರಿಂದ ಜೂನ್ ತಿಂಗಳಲ್ಲಿ ಬಿಚ್ಚಿ, ಒಣಗಿಸಿ ಎತ್ತಿಡತಕ್ಕದ್ದು.