ಸೊಳ್ಳೆಯ ಹೊಟ್ಟೆಯಲ್ಲಿರುವುದು ಯಾರ ರಕ್ತ?

ಮಂಡ್ಯ, ಕೋಲಾರ ಜಿಲ್ಲೆಗಳಲ್ಲಿ ೧೯೭೦ರ ದಶಕದ ಕೊನೆಯಲ್ಲಿ ಮಕ್ಕಳನ್ನು ಕಾಡಿದ ಜಪಾನೀ ಮಿದುಳು ಜ್ವರವನ್ನು ಹರಡುವುದು ಮುಖ್ಯವಾಗಿ ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್ ಎಂಬ ಸೊಳ್ಳೆ. ನೀರು ನಿಂತ ಭತ್ತದ ಗದ್ದೆಯೇ ಇದರ ತವರು. ಮೊಟ್ಟೆ ಬಲಿಯಲು ರಕ್ತ ಬೇಕಾದುದರಿಂದ ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಆ ರಕ್ತ ಯಾವ ಪ್ರಾಣಿಯದೆಂದು ತಿಳಿದರೆ ರೋಗದ ಅರ್ಧ ದಾರಿ ತಿಳಿದಂತೆ.

ಇದನ್ನು ಪತ್ತೆಮಾಡುವ ಹಳೆಯ ವಿಧಾನ ಸರಳವಾಗಿದೆ. ಕತ್ತಲಾದ ಮೇಲೆ ಅಥವಾ ನಸುಕಿನಲ್ಲಿ, ಟಾರ್ಚಿನ ಬೆಳಕಿನಲ್ಲಿ, ಹೊಟ್ಟೆ ಕೆಂಪಗೆ ಉಬ್ಬಿದ ಸೊಳ್ಳೆಗಳನ್ನು ಹೀರುಗೊಳವೆಯಿಂದ ಹಿಡಿಯುತ್ತಾರೆ. ಹೊಟ್ಟೆ ಕಪ್ಪಾಗಿದ್ದರೆ ರಕ್ತ ಜೀರ್ಣವಾಗತೊಡಗಿದೆಯೆಂದು ಅರ್ಥ. ಅಂಥವು ಅಷ್ಟಾಗಿ ಉಪಯೋಗಕ್ಕೆ ಬಾರವು. ಹೊಟ್ಟೆಯನ್ನು ಸೋಸುಕಾಗದದ ಮೇಲೆ ಒತ್ತಿ, ಕಲೆಯನ್ನು ಒಣಗಿಸಿ, ಪಕ್ಕದಲ್ಲಿ ಊರು, ದಿನಾಂಕ, ಹಿಡಿದ ಸ್ಥಳ ಬರೆದಿಡಬೇಕು. ಪ್ರಯೋಗಶಾಲೆಯಲ್ಲಿ ಆ ಕಲೆಯನ್ನು ಉಪ್ಪುನೀರಿನಲ್ಲಿ ನೆನೆಸುತ್ತಾರೆ. ದನ, ಹಂದಿ, ಕೋಳಿ, ಮನುಷ್ಯ ಹೀಗೆ ಒಂದೊಂದರ ರಕ್ತವನ್ನು ಗುರುತಿಸುವ ಪ್ರತಿರಕ್ತಸಾರವಿರುವ ನಳಿಕೆಗಳಲ್ಲಿ ಆ ನೀರನ್ನು ಮೆಲ್ಲನೆ ಬಿಡುತ್ತಾರೆ. ಎರಡು ದ್ರವಗಳು ಕೂಡುವೆಡೆ ಬಿಳಿಯ ಉಂಗುರ ಮೂಡಿದ ನಳಿಕೆಯೇ ಉತ್ತರ. ಹಸು, ಎಮ್ಮೆಗಳಂಥ ಹತ್ತಿರದ ಬಂಧುಗಳನ್ನು ಈ ಉಂಗುರ ಸುಲಭವಾಗಿ ಬೇರ್ಪಡಿಸದು. ಈಗ ಅದಕ್ಕೆ ರಕ್ತದಲ್ಲಿರುವ ಡಿ.ಎನ್.ಎ.ಯನ್ನು ಪಿ.ಸಿ.ಆರ್. ವಿಧಾನದಿಂದ ಪರೀಕ್ಷಿಸುತ್ತಾರೆ.

ಹಿಡಿಯುವ ಜಾಗದ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಕೊಟ್ಟಿಗೆಯಲ್ಲೇ ಹಿಡಿದರೆ ದನದ ರಕ್ತವಲ್ಲದೆ ಮತ್ತೇನು ಸಿಕ್ಕೀತು? ಮನೆಯೊಳಗೆ, ಹಂದಿಗೂಡಿನ ಬಳಿ, ಬೇಲಿಯ ಪೊದೆಗಳಲ್ಲಿ ಕೂಡ ಹಿಡಿಯಬೇಕು. ಊರಿನಲ್ಲಿ ಯಾವ ಪ್ರಾಣಿ ಎಷ್ಟಿದೆಯೆಂಬ ಎಣಿಕೆಯೂ ಬೇಕು. ಹತ್ತು ಹಂದಿ, ಇನ್ನೂರು ದನ ಇರುವ ಊರಿನಲ್ಲಿ ದನದ ರಕ್ತ ಹೆಚ್ಚು ಸಿಕ್ಕಿತೆಂದ ಮಾತ್ರಕ್ಕೆ ಸೊಳ್ಳೆಗೆ ದನವೇ ಇಷ್ಟವೆಂದು ಹೇಳಲಾಗದು.

ದಕ್ಷಿಣ ಭಾರತದಲ್ಲಿ ಈ ಸೊಳ್ಳೆಯ ಹೊಟ್ಟೆಯಲ್ಲಿ ಹೆಚ್ಚಾಗಿ ಕಂಡುಬಂದಿರುವುದು ದನಗಳ ರಕ್ತವೇ. ಹಾಗೆಂದು ರೋಗವನ್ನು ದನದ ತಲೆಗೆ ಕಟ್ಟುವಂತಿಲ್ಲ. ದನದ ಮೈಯಲ್ಲಿ ವೈರಸ್ಸು ಮತ್ತೊಂದು ಸೊಳ್ಳೆಗೆ ಅಂಟುವಷ್ಟು ಬೆಳೆಯದು, ಮನುಷ್ಯನಲ್ಲೂ ಅಷ್ಟೆ. ಅದು ಬೆಳೆಯುವುದು ಹಂದಿಗಳಲ್ಲಿ ಮತ್ತು ಗದ್ದೆಗಿಳಿಯುವ ಬೆಳ್ಳಕ್ಕಿ, ಬಕಗಳಂಥ ಹಕ್ಕಿಗಳಲ್ಲಿ. ಅಂದರೆ ನೂರರಲ್ಲಿ ಕೆಲವೇ ಸೊಳ್ಳೆಗಳು ಹಂದಿಯನ್ನು ಕಚ್ಚಿದ್ದರೂ ಅವೇ ಅಪಾಯದವು. ದನದ ರಕ್ತದಿಂದ ಸೊಳ್ಳೆಗಳ ಸಂತತಿ ಬೆಳೆಯುತ್ತದೆಂಬುದೂ ನಿಜ. ಕೊಟ್ಟಿಗೆಯ ಗೋಡೆಗೆ ತಾಗಿಯೇ ಮಕ್ಕಳನ್ನು ಮಲಗಿಸುವ ಮನೆಗಳಲ್ಲಿ ಸೊಳ್ಳೆಪರದೆ ತಪ್ಪಿಸಬಾರದು.

ಹಂದಿಗೂಡುಗಳು ವಸತಿಯಿಂದ ದೂರವಿರಲಿ. ಈ ರೋಗವಿರುವ ಜಿಲ್ಲೆಗಳಲ್ಲಿ ಮಗುವಿಗೆ ೯ ತಿಂಗಳು ತುಂಬಿದಾಗ ಒಮ್ಮೆ, ೧೬ರಿಂದ ೨೪ ತಿಂಗಳೊಳಗೆ ಇನ್ನೊಮ್ಮೆ ಲಸಿಕೆ ಹಾಕಿಸಬೇಕು. ಗದ್ದೆಗೆ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುವ ಕ್ರಮದಿಂದ ಸೊಳ್ಳೆಮರಿಗಳು ಸಾಯುತ್ತವೆ. ಆದರೆ ಒಬ್ಬರ ಗದ್ದೆ ಆರಿ ಪಕ್ಕದವರದು ತುಂಬಿದ್ದರೆ ಫಲವಿಲ್ಲ. ಒಂದು ತೂಬಿನ ಕೆಳಗಿನವರೆಲ್ಲ ಸರದಿ ಗೊತ್ತುಮಾಡಿಕೊಳ್ಳಬೇಕು.