ಪರೀಕ್ಷಾ ಟಿಪ್ಪಣಿ: ಸೈನಿಕರ ತಾಲೀಮು, ಮೂಳೆಯ ಬಿರುಕು

ಕೆಳದಿ ಅರಸರ ಮೂರು ಸುತ್ತಿನ ಕೋಟೆ ಕವಲೇದುರ್ಗ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಹಳೆಯ ಹೆಸರು ಭುವನಗಿರಿ. ಅದೇ ಅರಸರ ರಾಜಧಾನಿಗಳಾಗಿದ್ದ ಕೆಳದಿ, ಇಕ್ಕೇರಿ ಸಾಗರ ತಾಲ್ಲೂಕಿಗೆ, ಬಿದನೂರು (ನಗರ) ಹೊಸನಗರಕ್ಕೆ ಸೇರಿವೆ. ಅದಲುಬದಲಾಗದಿರಲಿ.

ಇಂಥ ಕೋಟೆಗಳ ಏರುದಾರಿಗಳಲ್ಲಿ ಓಡಿ ಸೇನಾ ಭರ್ತಿಯ 1.6 ಕಿ.ಮೀ. ಓಟಕ್ಕೆ ಸಿದ್ಧರಾಗುವ ನಮ್ಮ ಹುಡುಗ ಹುಡುಗಿಯರು ‘ಸ್ಟ್ರೆಸ್ ಫ್ರ್ಯಾಕ್ಚರ್’ (ಪದೇಪದೇ ಬೀಳುವ ಭಾರದಿಂದ ಮೂಳೆಯಲ್ಲಾಗುವ ಸಣ್ಣ ಬಿರುಕು) ಬಗ್ಗೆ ತಿಳಿದಿರಲೇಬೇಕು. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈತ್‌ಹಾಪ್ಟ್, ದೀರ್ಘ ಕವಾಯತಿನ ನಂತರ ಸೈನಿಕರ ಪಾದ ಊದಿ ನೋಯುವುದನ್ನು ದಾಖಲಿಸಿದ. ಎಕ್ಸ್‌-ರೇ ಪತ್ತೆಯಾದದ್ದು 1895ರಲ್ಲಿ. ಹಾಗಾಗಿ ಒಳಗಿನ ಬಿರುಕು ಅವನ ಕಣ್ಣಿಗೆ ಬೀಳುವಂತಿರಲಿಲ್ಲ.

ಕಾರಣ ಹೀಗಿದೆ: ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಅಂಶವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಸ್ನಾಯು ಬೇಗ ಬಲಿಯುತ್ತದೆ, ಮೂಳೆ ಹಿಂದುಳಿಯುತ್ತದೆ. ಆದ್ದರಿಂದ ತರಬೇತಿಯ ಮೊದಲ ವಾರಗಳೇ ಅಪಾಯದವು. ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಮತ್ತು ಪಾದದ ಮೂಳೆಗಳಿಗೆ ಪೆಟ್ಟು ಹೆಚ್ಚು. ಮಹಿಳಾ ಅಭ್ಯರ್ಥಿಗಳಲ್ಲಿ ಪ್ರಮಾಣವೂ ಹೆಚ್ಚು. ಒಂದೇ ಜಾಗದಲ್ಲಿ ಒತ್ತಿದರೆ ನೋವು, ಓಡಿದಷ್ಟೂ ಜಾಸ್ತಿ ಎಂದಾದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಿ.

ಪರೀಕ್ಷೆಯಲ್ಲಿ ಸೇನಾ ವೈದ್ಯಕೀಯಕ್ಕೆ ಸಂಬಂಧಿಸಿದ ಕರ್ನಾಟಕದ ಸಂಸ್ಥೆಯ ಹೆಸರು ಕೇಳಿದರೆ: ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, ಸ್ಥಾಪನೆ 1957. ಗಗನಯಾನಿಗಳ ಆಯ್ಕೆಯ ವೈದ್ಯಕೀಯ ಪರೀಕ್ಷೆ ನಡೆದದ್ದು ಇಲ್ಲಿಯೇ.