ಕೊನೆಗೆ ಉಳಿದ ಒಂದು ಗಾಜಿನ ಪ್ಲೇಟು



ರಜೆಯಲ್ಲಿ ಮನೆಮಂದಿಯೆಲ್ಲ ಬೆಟ್ಟದ ಊರಿಗೆ ಹೋಗಿ ಬರುತ್ತೇವೆ. ಫೋನಿನಲ್ಲಿ ಇನ್ನೂರು ಚಿತ್ರಗಳು ತುಂಬಿರುತ್ತವೆ. ಕಣ್ಣೆದುರು ಅಷ್ಟು ದೊಡ್ಡದಾಗಿ ನಿಂತಿದ್ದ ಬೆಟ್ಟ ಚಿತ್ರದಲ್ಲಿ ಮಾತ್ರ ಚಿಕ್ಕದು. ನೀಲಿಯಾಗಿದ್ದ ಆಕಾಶ ಬಿಳಿಚಿಕೊಂಡಿದೆ. 'ಕ್ಯಾಮೆರಾ ಚೆನ್ನಾಗಿಲ್ಲ' ಎಂದುಬಿಡುತ್ತೇವೆ. ತಪ್ಪು ನಿಜವಾಗಿಯೂ ಕ್ಯಾಮೆರಾದ್ದೇ? ಒಬ್ಬ ಛಾಯಾಗ್ರಾಹಕರ ಒಂದು ದಿನದ ಕೆಲಸವನ್ನು ನೋಡಿ ಉತ್ತರ ಹುಡುಕೋಣ.

ಕಣಿವೆ ಮತ್ತು ಹುಡುಗ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸಿಯೆರಾ ನೆವಾಡ ಪರ್ವತಗಳ ನಡುವೆ ಯೊಸೆಮಿಟಿ ಎಂಬ ಕಣಿವೆಯಿದೆ. ಉದ್ದ ಸುಮಾರು 12 ಕಿಲೋಮೀಟರ್. ಹಿಮನದಿಗಳು ಕೊರೆದ ಈ ಕಣಿವೆಯ ಎರಡೂ ಬದಿಗೆ ಗ್ರಾನೈಟ್ ಕಲ್ಲಿನ ಗೋಡೆಗಳು, ತಳದಲ್ಲಿ ಮರ್ಸೆಡ್ ನದಿ. ಮೂಡಣ ತುದಿಯಲ್ಲಿ, ಗುಮ್ಮಟವನ್ನು ನಡುವೆ ಸೀಳಿ ನಿಲ್ಲಿಸಿದಂತೆ, 'ಹಾಫ್ ಡೋಮ್' ಎಂಬ ಬಂಡೆ. ತಳದಿಂದ ಅದರ ಎತ್ತರ 1,400 ಮೀಟರಿಗೂ ಹೆಚ್ಚು.

1916ರಲ್ಲಿ 14 ವರ್ಷದ ಆನ್ಸೆಲ್ ಆಡಮ್ಸ್ ತಂದೆತಾಯಿಯರೊಡನೆ ಇಲ್ಲಿಗೆ ಬಂದ. ಅವರು ಕೊಟ್ಟ ಪುಟ್ಟ ಕೊಡಾಕ್ ಪೆಟ್ಟಿಗೆ ಕ್ಯಾಮೆರಾ ಕೈಯಲ್ಲಿತ್ತು. ಪಿಯಾನೋ ವಾದಕನಾಗಬೇಕೆಂದಿದ್ದ ಹುಡುಗನನ್ನು ಕಣಿವೆ ಮತ್ತೆ ಮತ್ತೆ ಕರೆಯಿತು.

1927ರ ಏಪ್ರಿಲ್ 10

ಆ ದಿನ ಆಡಮ್ಸ್, ಮುಂದೆ ಅವರ ಪತ್ನಿಯಾದ ವರ್ಜೀನಿಯಾ ಬೆಸ್ಟ್ ಮತ್ತು ಗೆಳೆಯರೊಂದಿಗೆ ಹಿಮ ತುಳಿಯುತ್ತ ಬೆಟ್ಟ ಹತ್ತಿದರು. ಬೆನ್ನ ಮೇಲೆ ಭಾರವಾದ ಕ್ಯಾಮೆರಾ, ಗಾಜಿನ ಪ್ಲೇಟುಗಳು. ಒಂದು ಪ್ಲೇಟಿಗೆ ಒಂದೇ ಚಿತ್ರ. ಹಾಫ್ ಡೋಮಿನ ಎದುರಿಗೆ ನಿಂತಾಗ ಉಳಿದಿದ್ದುದು ಎರಡೇ ಪ್ಲೇಟು.

ಬಂಡೆಯ ಆ ಮುಖ ವಾಯವ್ಯಕ್ಕಿದೆ. ಬೆಳಿಗ್ಗೆ ಪೂರ್ತಿ ನೆರಳು. ಬಿಸಿಲು ಬಂಡೆಯ ಮೇಲೆ ಹರಿಯುವವರೆಗೆ ಅವರು ಕಾದರು. ಮೊದಲ ಚಿತ್ರವನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಕೂಡಲೇ ಮನಸ್ಸಿಗೆ ಹೊಳೆಯಿತು: ಬಂಡೆ ಹೇಗಿದೆಯೋ ಅದು ಬಂದೀತು, ಅದರ ಮುಂದೆ ನಿಂತಾಗ ತನಗಾದ ಬೆರಗು ಮಾತ್ರ ಬಾರದು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು.

ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ. ಆದ್ದರಿಂದ ಕಪ್ಪುಬಿಳುಪು ಚಿತ್ರದಲ್ಲಿ ನೀಲಿ ಆಕಾಶ ಕಪ್ಪಾಗುತ್ತದೆ. ನೆರಳಿಗೆ ಬೀಳುವ ಬೆಳಕೂ ಆಕಾಶದ ನೀಲಿಯೇ ಆದ್ದರಿಂದ ಅದೂ ದಟ್ಟವಾಗುತ್ತದೆ. ಬಿಸಿಲಲ್ಲಿರುವ ಹಿಮ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬೆಳಕು ಕಡಿಮೆ ಒಳಬರುವುದರಿಂದ ಸುಮಾರು 5 ಸೆಕೆಂಡು ತೆರೆದಿಡಬೇಕಾಯಿತು. ಗಾಳಿ ಅಲುಗಿಸಿದ್ದರೆ ಎಲ್ಲವೂ ಹೋಗುತ್ತಿತ್ತು. ಇನ್ನೊಂದು ಪ್ಲೇಟು ಇರಲಿಲ್ಲ. 'ಮೊನೊಲಿತ್' ಎಂದು ಹೆಸರಾದ ಚಿತ್ರ ಹೀಗೆ ಹುಟ್ಟಿತು. ಗುಂಡಿ ಒತ್ತುವ ಮೊದಲೇ ಮುಗಿದ ಚಿತ್ರವನ್ನು ಮನಸ್ಸಿನಲ್ಲಿ ಕಾಣಬೇಕೆಂಬುದು ಆಡಮ್ಸ್ ಮುಂದೆ ಜೀವನವಿಡೀ ಕಲಿಸಿದ ಪಾಠ.

ಚೌಕಟ್ಟಿನ ಹೊರಗೆ ಉಳಿದವರು

ಇಂಥ ಚಿತ್ರಗಳಿಂದ ಒಳಿತಾಯಿತು. 1936ರಲ್ಲಿ ಆಡಮ್ಸ್ ತಮ್ಮ ಚಿತ್ರಗಳೊಡನೆ ವಾಷಿಂಗ್ಟನ್ನಿಗೆ ಹೋಗಿ, ಕಿಂಗ್ಸ್ ಕ್ಯಾನ್ಯನ್ ಪ್ರದೇಶವನ್ನು ಉಳಿಸಿರೆಂದು ಕೇಳಿಕೊಂಡರು. 1940ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಆದರೆ ಇನ್ನೊಂದು ಮಾತನ್ನೂ ನಾವು ತಿಳಿದಿರಬೇಕು. ಆಡಮ್ಸ್ ಅವರ ಹೆಸರಾದ ಯೊಸೆಮಿಟಿ ಚಿತ್ರಗಳಲ್ಲಿ ಕಾಣುವುದು ಮನುಷ್ಯರಿಲ್ಲದ ಕಣಿವೆ. ಅದು ಎಂದೂ ಬರಿದಾಗಿದ್ದ ನೆಲವಲ್ಲ. ಅಹ್ವಾನೀಚಿ ಜನ ಅಲ್ಲಿ ತಲೆತಲಾಂತರದಿಂದ ಬಾಳಿದ್ದರು. 1851ರಲ್ಲಿ ಶಸ್ತ್ರಧಾರಿ ದಳವೊಂದು ಒಳನುಗ್ಗಿ ಅವರನ್ನು ಅಟ್ಟಿತು. ಮರಳಿ ಬಂದು ನೆಲೆಸಿದವರ ಕೊನೆಯ ಹಳ್ಳಿಯ ಮನೆಗಳೂ 1969ರಲ್ಲಿ ನೆಲಸಮವಾದವು. ನಾವು ಮೆಚ್ಚುವ ನಿಶ್ಶಬ್ದದಲ್ಲಿ ಅವರ ಸದ್ದಡಗಿದ ಮನೆಗಳೂ ಸೇರಿವೆ. ಚಿತ್ರ ಸುಳ್ಳಲ್ಲ, ಆದರೆ ಅದು ಪೂರ್ತಿ ಸತ್ಯವೂ ಅಲ್ಲ. ಏನನ್ನು ಚೌಕಟ್ಟಿನೊಳಗೆ ಇಡುತ್ತೇವೆ, ಯಾರನ್ನು ಹೊರಗೆ ಬಿಡುತ್ತೇವೆ ಎಂಬುದು ಕ್ಯಾಮೆರಾ ಹಿಡಿದವರ ಹೊಣೆ.

ಮನೆಯಲ್ಲಿ ಮಾಡಿ ನೋಡಿ

1. ಮುಂದಿನ ಪ್ರವಾಸದಲ್ಲಿ ಒಂದು ದಿನ, ಮನೆಯ ಪ್ರತಿಯೊಬ್ಬರಿಗೂ ಎರಡೇ ಚಿತ್ರ ಎಂದು ನಿಯಮ ಮಾಡಿಕೊಳ್ಳಿ. ಅಳಿಸಿ ಮತ್ತೆ ತೆಗೆಯುವಂತಿಲ್ಲ.

2. ಮೊದಲು ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ? ನೆರಳು ಎತ್ತ ಸರಿಯುತ್ತಿದೆ? ನಡು ಮಧ್ಯಾಹ್ನಕ್ಕಿಂತ ಬೆಳಗು, ಸಂಜೆಗಳ ಓರೆ ಬಿಸಿಲಿನಲ್ಲಿ ಬೆಟ್ಟದ ಏರುತಗ್ಗು ಚೆನ್ನಾಗಿ ತೋರುತ್ತದೆ.

3. ಆಕಾಶ ಬಿಳಿಚಿಕೊಂಡರೆ ಫೋನಿನ ಪರದೆಯ ಮೇಲೆ ಆಕಾಶವನ್ನೇ ಬೆರಳಿನಿಂದ ಮುಟ್ಟಿ. ಸಾಮಾನ್ಯವಾಗಿ ಬಣ್ಣ ಮರಳುತ್ತದೆ. ಬೆಟ್ಟದ ಎತ್ತರ ತಿಳಿಯಲು ಒಂದು ಮರವನ್ನೋ ಮನೆಯನ್ನೋ ಚಿತ್ರದಲ್ಲಿ ಸೇರಿಸಿ.

4. ಆ ಬೆಟ್ಟದಡಿ ಬಾಳುವವರನ್ನು ಮಾತನಾಡಿಸಿ. ಬೆಟ್ಟಕ್ಕೆ ಅವರು ಕರೆಯುವ ಹೆಸರನ್ನು ಕೇಳಿ, ಚಿತ್ರದ ಹಿಂದೆ ಬರೆದಿಡಿ.

ಮನೆಗೆ ಬಂದು ಎಲ್ಲರ ಚಿತ್ರಗಳನ್ನೂ ಒಟ್ಟಿಗೆ ಹರವಿ ನೋಡಿ. ಒಂದೇ ಬೆಟ್ಟವನ್ನು ಅಜ್ಜಿ ಹೇಗೆ ಕಂಡರು, ಮಗು ಹೇಗೆ ಕಂಡಿತು ಎಂಬುದು ಆಗ ನಿಮಗೇ ತಿಳಿಯುತ್ತದೆ.